ರೈನುಕೋಟು ತೆಗವಗ ಮದಾಲು ಕೆಮಿ ನೋಡಿ

ಮೇ ತಿಂಗಳು ಮುಗಿವಗ ಕಡಬ, ಆಲಂಕಾರು, ಉಪ್ಪಿನಂಗಡಿ, ಎಲ್ಲಿಗೆ ಹೋದರುದೆ ಅಂಗಡಿಗಳ ಎದುರು ರೈನುಕೋಟುಗೊ ನೇಲ್ಲೆ ಸುರು ಆವುತ್ತು. ನೀಲಿ, ಕಪ್ಪು, ಹಸಿರು, ಮತ್ತೆ ಮಿಲಿಟ್ರಿಯವರ ಅಂಗಿಯ ಹಾಂಗೆ ಎಲೆ ಚಿತ್ರದ್ದು. ತೆಕ್ಕೊಂಬಲೆ ಬಂದವು ಕೇಳುದು ಒಂದೇ ಪ್ರಶ್ನೆ, "ನೀರು ಒಳ ಹೋವುತ್ತೋ?" ಅಂಗಡಿಯವನ ಉತ್ತರವೂ ಒಂದೇ, "ಒಂದು ಹನಿ ಹೋಗ." ಅಲ್ಲಿಗೆ ವ್ಯಾಪಾರ ಮುಗುದತ್ತು.

ಎನ್ನ ಅಭಿಪ್ರಾಯಲ್ಲಿ ಆ ಪ್ರಶ್ನೆ ಎರಡ್ನೇದು. ನಮ್ಮ ಪೆರಾಬೆಯ ಹಾಂಗಿಪ್ಪ ಊರಿಲಿ, ಒಂದು ಹೊಡೆಲಿ ತೋಟ, ಇನ್ನೊಂದು ಹೊಡೆಲಿ ಗುಡ್ಡೆ, ಅದರಿಂದ ಆಚಿಗೆ ಕಾಡು ಇಪ್ಪಲ್ಲಿ, ಮದಾಲು ಕೇಳೆಕ್ಕಾದ ಪ್ರಶ್ನೆ ಬೇರೆ. "ಇದರ ಹಾಕಿಗೊಂಡರೆ ಕೆಮಿ ಕೇಳ್ತೋ?" ನೀರು ಒಳ ಹೋದರೆ ಹೆಚ್ಚು ಹೇಳಿರೆ ಒಂದು ಶೀತ ಅಕ್ಕು, ಬೆಶಿನೀರಿಲಿ ಮಿಂದು ಒಂದು ಗ್ಲಾಸು ಕಷಾಯ ಕುಡುದರೆ ಕಮ್ಮಿ ಅಕ್ಕು. ಹಿಂದಂದ ಬಪ್ಪದು ಎಂತ ಹೇಳಿ ಕೇಳದ್ದರೆ ಅದಕ್ಕೆ ಕಷಾಯ ಇಲ್ಲೆ.

ಮಳೆ ಕೋಟಿನ ಬಗ್ಗೆ ಲೋಕಲ್ಲಿ ಎಲ್ಲೋರಿಂದ ಹೆಚ್ಚು ತಲೆ ಖರ್ಚು ಮಾಡಿದವರಲ್ಲಿ ಬೇಟೆಗಾರಂಗೊ ಇದ್ದವು. ಅಮೇರಿಕ, ಜರ್ಮನಿಯ ಹಾಂಗಿಪ್ಪ ದೇಶಂಗಳಲ್ಲಿ ಲೈಸೆನ್ಸು ತೆಗದು ಜಿಂಕೆ, ಹಂದಿ ಹೊಡವ ಕ್ರಮ ಈಗಳೂ ಇದ್ದು. ಅವು ಮಳೆಲಿ, ಛಳಿಲಿ ಗಂಟೆಗಟ್ಲೆ ಒಂದೇ ದಿಕ್ಕೆ ಮಾತಾಡದ್ದೆ ಕೂರೆಕ್ಕಾವುತ್ತು. ಹಾಂಗಾಗಿ ಯಾವ ವಸ್ತ್ರ ಶಬ್ದ ಮಾಡ್ತು, ಯಾವುದರ ಒಳ ಬೆಗರುತ್ತು, ಯಾವ ಬಣ್ಣ ಆರ ಕಣ್ಣಿಂಗೆ ಕಾಣ್ತು ಹೇಳಿ ಅವು ಕೂದು ನೋಡಿದ್ದವು. ನಮ್ಮ ದೇಶಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮತ್ತೆ ಬೇಟೆ ಹೇಳಿರೆ ಅಪರಾಧ. ಎಂಗಳದ್ದು ಹೇಂಗೂ ಬೇಟೆ ಆಡ್ತ ಮನೆತನ ಅಲ್ಲ. ತುಳುನಾಡಿಲಿ ಕೆಡ್ಡಸದ ಸಮಯಲ್ಲಿ ಊರವು ಒಟ್ಟಾಗಿ ಬೇಟೆಗೆ ಹೋಪ ಸಂಪ್ರದಾಯ ಇತ್ತು. ಆದರೆ ಅದು ಮಕರ ತಿಂಗಳ ಅಖೇರಿಗೆ, ಗುಡ್ಡೆ ಒಣಗಿದ ದಿನಂಗಳಲ್ಲಿ. ಮಳೆಗಾಲಲ್ಲಿ ನಮ್ಮೂರಿಲಿ ಇದ್ದದು ಬೇಟೆ ಅಲ್ಲ, ಕಾವಲು. ಏಣಿಲಿನ ಬೆಳೆ ಹಾಲು ತುಂಬುವ ಸಮಯಕ್ಕೆ ಹಂದಿ ಬಪ್ಪದು, ಗೆದ್ದೆ ಕರೆಲಿ ಅಟ್ಟ ಕಟ್ಟಿ ಕೂಪದು, ತಗಡು ಬಡಿವದು, ಕೂಕುಳು ಹಾಕುದು.

ಈಗ ಗೆದ್ದೆಗೊ ಹೆಚ್ಚಿಂದೂ ತೋಟ ಆಯಿದು. ಹಂದಿ ಮಾಂತ್ರ ಬಪ್ಪದು ಬಿಟ್ಟಿದಿಲ್ಲೆ. ಬಾಳೆಯ ಬುಡ, ಕೆಸವು, ಮರಗೆಣಸು ಎಲ್ಲ ಒಕ್ಕಿ ಹಾಕುತ್ತು. ಕಾಟಿ ಇದ್ದು, ಆನೆಯೂ ಇದ್ದು. ಬೇಟೆಗಾರ° ಪ್ರಾಣಿಯ ಹುಡ್ಕಿಯೊಂಡು ಹೋವುತ್ತ°. ನಾವು ಹೋಪದು ಹಾಲು ಕೊಡ್ಲೆ, ಹುಲ್ಲು ತಪ್ಪಲೆ, ಕಣಿಯ ಕಸವು ತೆಗವಲೆ. ಪ್ರಾಣಿ ತಾನಾಗಿ ಎದುರು ಸಿಕ್ಕುತ್ತು. ಹಾಂಗಾಗಿ ಬೇಟೆಗಾರನ ಪಾಠವ ನಾವು ಓದೆಕ್ಕು, ಆದರೆ ಮೊಗಚ್ಚಿ ಓದೆಕ್ಕು.

ಅದಕ್ಕೆ ಮದಲು ನಮ್ಮ ಹಳಬ್ಬರ ಲೆಕ್ಕಾಚಾರ ರಜ್ಜ ನೋಡುವ°. ಕೆಲವು ವರ್ಷ 4000 ಮಿಲಿಮೀಟರು ದಾಂಟುವಷ್ಟು ಮಳೆ ಬೀಳುವ ಜಿಲ್ಲೆ ನಮ್ಮದು. ಅದರ ಹೆಚ್ಚಿನ ಪಾಲುದೆ ಜೂನಿಂದ ಸೆಪ್ಟೆಂಬರಿನ ಒಳ. ಆ ನಾಕು ತಿಂಗಳು ಮನೆ ಒಳವೇ ಕೂದರೆ ಹೊಟ್ಟೆಗೆ ಎಂತ ತಿಂಬದು? ಹಾಂಗಾಗಿ ಅವು ಕೆಲಸಕ್ಕೆ ತಕ್ಕ ಹಾಂಗೆ ಬೇರೆ ಬೇರೆ ಹೊದಕ್ಕೆ ಮಾಡಿಯೊಂಡವು.

ನೇಜಿ ನೆಡುವ ಹೆಮ್ಮಕ್ಕೊಗೆ ಗೊರಬೆ. ಬೆದುರಿನ ಸಲಕ್ಕೆಯ ಚೌಕಟ್ಟಿಂಗೆ ಪನೆಯೋಲೆ ಹೊಲುದು, ಕವುಂಚಿ ಮಡಗಿದ ದೋಣಿಯ ಹಾಂಗಿಪ್ಪದು. ತಲೆಂದ ಸುರುವಾಗಿ ಬೆನ್ನಿನ ಪೂರಾ ಮುಚ್ಚುಗು. ಬಗ್ಗಿದರೆ ನೀರು ಹಿಂದೆ ಜಾರಿ ಹೋಕು. ಎರಡೂ ಕೈ ಖಾಲಿ. ಎದುರು, ಎರಡೂ ಕರೆ, ಕೆಳ ಎಲ್ಲ ಓಪನು. ಗಾಳಿ ಆಡಿಗೊಂಡೇ ಇಕ್ಕು, ಬೆಗರಿರೂ ಒಣಗುಗು. ಹತ್ತು ಜೆನ ಸಾಲಾಗಿ ನೆಡುವಗ ಒಂದು ಪಾಡ್ದನ ಹೇಳಿರೆ ಎಲ್ಲೋರಿಂಗೂ ಕೇಳುಗು. ಈ ಅಖೇರಿಯಾಣ ಮಾತಿನ ನೆಂಪು ಮಡಿಕ್ಕೊಳಿ.

ತೋಟಕ್ಕೆ, ಗುಡ್ಡೆಗೆ ಹೋಪವಕ್ಕೆ ಮುಟ್ಟಾಳೆ. ಅಡಕ್ಕೆ ಹಾಳೆಯ ಮಡುಸಿ ಹೊಲುದ ಟೊಪ್ಪಿ. ತಲೆಗೆ ನೀರು ಬೀಳ, ಮರಂದ ಎಂತಾರು ಉದುರಿದರೆ ರಜ್ಜ ತಡಗು, ಹೊರೆ ಹೊರುವಗ ಅದೇ ಸಿಂಬಿ ಅಕ್ಕು. ಕೆಮಿ ಎರಡೂ ಹೆರವೇ. ಘಟ್ಟದ ಹೊಡೆಯವಕ್ಕೆ ಕಂಬಳಿ ಕೊಪ್ಪೆ. ಕುರಿಯ ರೋಮಲ್ಲಿ ಒಂದು ನಮೂನೆಯ ಮೇಣ ಇಪ್ಪ ಕಾರಣ ಸಣ್ಣ ಮಳೆಯ ನೀರು ಮೇಗೆಯೇ ಜಾರುತ್ತು. ರೋಮ ತನ್ನ ತೂಕದ ಮೂರರಲ್ಲಿ ಒಂದು ಪಾಲಿನ ಹತ್ತರೆ ನೀರ ಪಸೆ ಹೀರಿದರುದೆ ಮೈಗೆ ಚೆಂಡಿ ಹೇಳಿ ಗೊಂತಾವುತ್ತಿಲ್ಲೆ, ಬೆಶಿ ಉಳಿತ್ತು. ದೊಡ್ಡ ಮಳೆಗೆ ಅದು ಕಲ್ಲಿನಷ್ಟು ಭಾರ ಆವುತ್ತು ಹೇಳುದೂ ಸತ್ಯವೇ. ಆದರೆ ಕಂಬಳಿಗೆ ಶಬ್ದ ಇಲ್ಲೆ. ಯುರೋಪಿನ ಆಲ್ಪ್ಸ್ ಬೆಟ್ಟದ ಬೇಟೆಗಾರಂಗೊ ಲೋಡನ್ ಹೇಳ್ತ ದಪ್ಪ ಉಣ್ಣೆ ವಸ್ತ್ರದ ಕೋಟು ಹಾಕಿಗೊಂಬದು ಇದೇ ಕಾರಣಕ್ಕೆ. ಗೆಲ್ಲು ತಾಗಿರೂ ಚರಚರ ಹೇಳ್ತಿಲ್ಲೆ. ಅವರ ಲೋಡನ್ನಿಂಗೂ ನಮ್ಮ ಕಂಬಳಿಗೂ ಹೆಸರು ಬೇರೆ, ಬುದ್ಧಿ ಒಂದೇ.

ಇನ್ನು ಹೊಸತ್ತರ ಕತೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಹೇಳುವವ° 1823ರಲ್ಲಿ ರಬ್ಬರಿನ ಕರಗುಸಿ ಎರಡು ವಸ್ತ್ರದ ಎಡೆಲಿ ಹಿಟ್ಟಿನ ಹಾಂಗೆ ಹಚ್ಚಿ, ನೀರು ದಾಂಟದ್ದ ವಸ್ತ್ರಕ್ಕೆ ಪೇಟೆಂಟು ತೆಗದ°. ಸುರುವಾಣ ಕೋಟುಗೊ ಬೆಶಿಲಿಂಗೆ ಅಂಟಿಗೊಂಡು, ಛಳಿಗೆ ಹಪ್ಪಳದ ಹಾಂಗೆ ಬೆರಟೆ ಆಗಿಯೊಂಡು ಇತ್ತು. ರಬ್ಬರಿಂಗೆ ಗಂಧಕ ಸೇರ್ಸಿ ಬೇಶುವ ಕ್ರಮ ಬಂದ ಮತ್ತೆ ಸರಿ ಆತು. ನಮ್ಮ ದೇಶಲ್ಲಿ ಸುರೇಂದ್ರ ಮೋಹನ ಬೋಸರು 1920ರಲ್ಲಿ ಬಂಗಾಳಲ್ಲಿ ಕಂಪೆನಿ ಸುರು ಮಾಡಿ ಡಕ್‌ಬ್ಯಾಕ್ ಹೇಳ್ತ ಹೆಸರಿಲಿ ಮಳೆ ಕೋಟು ತಂದವು. ಬಾತುಕೋಳಿಯ ಬೆನ್ನಿಂಗೆ ನೀರು ಅಂಟದ್ದ ಹಾಂಗೆ ಹೇಳ್ತ ಅರ್ಥ. ನಮ್ಮ ಅಜ್ಜಂದ್ರ ಕಾಲಲ್ಲಿ ಡಕ್‌ಬ್ಯಾಕು ಇದ್ದರೆ ಅದು ದೊಡ್ಡ ಮನೆ. ಮತ್ತೆ ಪ್ಲಾಸ್ಟಿಕ್ ಬಂತು, ಎಲ್ಲೋರ ಕೈಗೂ ಸಿಕ್ಕಿತ್ತು. ಗೊರಬೆ ಅಟ್ಟ ಸೇರಿತ್ತು, ಅಲ್ಲಿಂದ ಒಲೆ ಸೇರಿತ್ತು.

ರಬ್ಬರು, ಪ್ಲಾಸ್ಟಿಕ್ಕಿನ ದೊಡ್ಡ ತೊಂದರೆ ಎಂತ ಹೇಳಿರೆ ಹೆರಾಣ ನೀರು ಒಳ ಬಾರದ್ದ ಹಾಂಗೆಯೇ ಒಳಾಣ ಬೆಗರುದೆ ಹೆರ ಹೋಗ. ಒಂದು ಕಟ್ಟ ಹುಲ್ಲು ಹೊತ್ತು ಗುಡ್ಡೆ ಹತ್ತಿ ಬಂದರೆ ಕೋಟಿನ ಒಳಾಣ ರವಕ್ಕೆ ಹಿಂಡಿದರೆ ನೀರು ಬೀಳ್ತು. ಮಳೆಲೇ ಚೆಂಡಿ ಆಗಿದ್ದರೆ ಎಂತ ಆವುತ್ತಿತ್ತು ಹೇಳಿ ಕಾಣ್ತು. ಇದಕ್ಕೆ ಮದ್ದು ಹೇಳಿ ಅಮೇರಿಕಲ್ಲಿ ರಾಬರ್ಟ್ ಗೋರ್ ಹೇಳುವವ° 1969ರಲ್ಲಿ ಒಂದು ನಮೂನೆಯ ಪ್ಲಾಸ್ಟಿಕ್ಕಿನ ಫಕ್ಕನೆ ಎಳದು, ಅದರಲ್ಲಿ ಕಣ್ಣಿಂಗೆ ಕಾಣದ್ದ ಒಟ್ಟೆಗೊ ಅಪ್ಪ ಹಾಂಗೆ ಮಾಡಿದ°. ಗೋರ್‌ಟೆಕ್ಸ್ ಹೇಳುದು ಅದನ್ನೇ. ಆ ಒಟ್ಟೆ ನೀರಿನ ಹನಿಂದ ಸಾವಿರಾರು ಪಾಲು ಸಣ್ಣ, ಹಾಂಗಾಗಿ ಹನಿ ಒಳ ಬಾರ. ಬೆಗರಿನ ಆವಿ ಅದರಂದಲೂ ಸಣ್ಣ, ಹಾಂಗಾಗಿ ಹೆರ ಹೋಕು. ಈಗ ಬೆಂಗ್ಳೂರಿಲಿಪ್ಪ ಮಕ್ಕೊ ಊರಿಂಗೆ ಬಪ್ಪಗ ಅಪ್ಪಂಗೆ ಹೇಳಿ ಹೀಂಗಿಪ್ಪ "ಉಸುಲು ಬಿಡುವ" ಕೋಟು ಸಾವಿರಾರು ರೂಪಾಯಿ ಕೊಟ್ಟು ತಪ್ಪದಿದ್ದು.

ತಂದದು ಪ್ರೀತಿಲಿ, ಬೇಡ ಹೇಳುಲಾಗ. ಆದರೆ ಒಂದು ಸಂಗತಿ ತಿಳ್ಕೊಳೆಕ್ಕು. ಆವಿ ಹೆರ ಹೋಯೆಕ್ಕಾರೆ ಹೆರಾಣ ಗಾಳಿಲಿ ಪಸೆ ಕಮ್ಮಿ ಇರೆಕ್ಕು. ಆಟಿ ತಿಂಗಳಿಲಿ ನಮ್ಮ ತೋಟಲ್ಲಿ ಗಾಳಿ ಹೇಂಗಿರ್ತು ಹೇಳಿ ನವಗೆ ಗೊಂತಿದ್ದನ್ನೆ. ಉಪ್ಪಿನ ಭರಣಿಲಿ ಉಪ್ಪು ನೀರಾವುತ್ತು, ಒಗದ ವಸ್ತ್ರ ಮೂರು ದಿನ ಆದರೂ ಒಣಗುತ್ತಿಲ್ಲೆ, ಕಪಾಟಿನ ಪಟ್ಟೆ ಸೀರೆಗೆ ಬೂಸುರು. ವಸ್ತ್ರವನ್ನೇ ಒಣಗುಸುಲೆ ಎಡಿಯದ್ದ ಗಾಳಿ ಕೋಟಿನ ಒಳಾಣ ಬೆಗರಿನ ಎಳದು ತೆಕ್ಕೊಂಗೋ? ಛಳಿ ದೇಶಲ್ಲಿ ಆ ಕೋಟು ಮಾಡುವ ಕೆಲಸದ ಅರ್ಧವನ್ನೂ ಇಲ್ಲಿ ಮಾಡ. ಹಾಂಗಾಗಿ ನಮ್ಮ ಊರಿಂಗೆ ವಸ್ತ್ರದ ಕ್ರಯಂದ ಹೆಚ್ಚು ಮುಖ್ಯ ಅದರ ಆಕಾರ. ಕೆಳ ಅಗಲ ಇರೆಕ್ಕು, ಕಂಕುಳಿನ ಹತ್ತರೆ ಗಾಳಿ ಹೋಪ ಜಾಗೆ ಇರೆಕ್ಕು, ಮೈಗೆ ಅಂಟುಲಾಗ. ಗೊರಬೆ ಮಾಡಿದವಕ್ಕೆ ಗೋರ್‌ಟೆಕ್ಸಿನ ವಿಚಾರ ಗೊಂತಿತ್ತಿಲ್ಲೆ, ಆದರೆ ಈ ಊರಿನ ಗಾಳಿ ಗೊಂತಿತ್ತು.

ಈಗ ಬೇಟೆಗಾರನ ಪಾಠಕ್ಕೆ ಬಪ್ಪ°. ಅವನ ಮದಲಾಣ ಪಾಠ ಶಬ್ದ. ಪರಪರ ಹೇಳುವ ಪ್ಲಾಸ್ಟಿಕ್ ಅವಂಗೆ ಆಗ, ಪ್ರಾಣಿಗೆ ಕೇಳಿ ಅದು ಓಡುಗು. ನವಗೆ ಪ್ರಾಣಿ ಓಡಿದರೆ ಲಾಭವೇ. ಹಾಂಗಾಗಿ ಕೋಟು ಶಬ್ದ ಮಾಡಿದರೆ ಹೆದರೆಕ್ಕು ಹೇಳಿ ಇಲ್ಲೆ. ಆದರೆ ಆ ಶಬ್ದ ಎನ್ನ ಕೆಮಿಯ ಒಳವೇ ತುಂಬಿರೆ ಆಗ. ಕೋಟಿನ ಟೊಪ್ಪಿಯ ಎಳದು, ಗಲ್ಲದ ಕೆಳ ಲಾಡಿ ಬಿಗುದು, ಒಂದರಿ ದೊಡ್ಡ ಮಳೆಲಿ ನಿಂದು ನೋಡಿ. ತಗಡಿನ ಮಾಡಿನ ಕೆಳ ಕೂದ ಹಾಂಗೆ ಆವುತ್ತು. ತಲೆ ತಿರುಗುಸಿದರೆ ಟೊಪ್ಪಿ ತಿರುಗುತ್ತಿಲ್ಲೆ, ಕಣ್ಣಿನ ಎದುರು ಪ್ಲಾಸ್ಟಿಕ್ಕೇ ಕಾಣ್ತು. ಕೆಮಿಯೂ ಹೋತು, ಕರೆಯಣ ನೋಟವೂ ಹೋತು.

ಇದು ಸಣ್ಣ ವಿಷಯ ಅಲ್ಲ. 2023ರ ಫೆಬ್ರವರಿಲಿ ನಮ್ಮ ಕಡಬ ತಾಲೂಕಿನ ರೆಂಜಿಲಾಡಿಲಿ, ಉದಿಯಪ್ಪಗ ಹಾಲಿನ ಸೊಸೈಟಿಯ ಕೆಲಸಕ್ಕೆ ಹೆರಟ ಒಂದು ಕೂಸಿನ ಆನೆ ಕೊಂದತ್ತು. ಅದರ ಬೊಬ್ಬೆ ಕೇಳಿ ಬಿಡುಸುಲೆ ಹೋದ ಒಬ್ಬರನ್ನೂ ಕೊಂದತ್ತು. ಅದು ಮಳೆಗಾಲ ಅಲ್ಲ, ತಲೆ ಮೇಗೆ ಮಳೆಯ ಶಬ್ದವೂ ಇತ್ತಿಲ್ಲೆ. ಆನೆ ಅಷ್ಟು ದೊಡ್ಡ ಜೀವ ಆದರೂ ಅದರ ಪಾದದ ಅಡಿ ಮೆಸ್ತಂಗೆ. ನಡದರೆ ಶಬ್ದ ಆವುತ್ತಿಲ್ಲೆ ಹೇಳ್ಲಕ್ಕು. ಕೇಳುದಾದರೆ ಗೆಲ್ಲು ಮುರಿವದು, ಬಾಳೆ ಸಿಗಿವದು, ಬೈನೆ ಮರ ಬೀಳುದು, ಅಷ್ಟೆ. ಆ ಒಂದು ಶಬ್ದ ಕೇಳಿರೆ ನಾವು ಅಲ್ಲೇ ನಿಂದು ಹಿಂದೆ ಬಪ್ಪಲೆ ಎಡಿಗು. ಬರೇ ಕೆಮಿಲಿ ನಡವಗಳೇ ಅಷ್ಟು ಕಷ್ಟ ಇಪ್ಪಲ್ಲಿ, ಜುಲೈ ತಿಂಗಳ ಕಸ್ತಲೆ ಉದಿಯಪ್ಪಗ ತಲೆಗೆ ಪ್ಲಾಸ್ಟಿಕ್ ಕಟ್ಟಿಗೊಂಡು, ಹಾಲಿನ ಕ್ಯಾನು ಹಿಡ್ಕೊಂಡು ಹೋಪವರ ಅವಸ್ಥೆ ಗ್ರೇಶಿ. ಹಾಂಗಾಗಿಯೇ ಆನು ಹೇಳುದು, ಕಾಡಿನ ಕರೆಲಿಪ್ಪವು ಕೋಟಿನ ಟೊಪ್ಪಿಯ ಹಿಂದೆ ಬಿಟ್ಟು, ತಲೆಗೆ ಮುಟ್ಟಾಳೆಯೋ ಅಗಲ ಅಂಚಿನ ಟೊಪ್ಪಿಯೋ ಹಾಕಿಗೊಳೆಕ್ಕು. ಕೊರಳಿಂಗೆ ರಜ್ಜ ನೀರು ಇಳಿಗು, ಒಂದು ಬೈರಾಸು ಸುತ್ತಿಗೊಂಡರೆ ಆತು. ಕೊಡೆಯೂ ಅಕ್ಕು, ಅದರ ಮೇಗೆ ಬೀಳುವ ಮಳೆಯ ಶಬ್ದ ಕೆಮಿಂದ ರಜ್ಜ ದೂರ ಇರ್ತು. ಆದರೆ ಒಂದು ಕೈ ಅದಕ್ಕೇ ಹೋವುತ್ತು.

ಬೇಟೆಗಾರನ ಎರಡ್ನೇ ಪಾಠ ಬಣ್ಣ. ಅಮೇರಿಕದ ಸುಮಾರು ರಾಜ್ಯಂಗಳಲ್ಲಿ ಬೇಟೆಗಾರಂಗೊ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಹಾಕಿಗೊಳೆಕ್ಕು ಹೇಳಿ ಕಾನೂನೇ ಇದ್ದು. ಎಂತಕೆ ಹೇಳಿರೆ ಒಬ್ಬ° ಇನ್ನೊಬ್ಬನ ಪ್ರಾಣಿ ಹೇಳಿ ಗ್ರೇಶಿ ಹೊಡವಲಾಗ ಹೇಳಿ. ಅಷ್ಟು ಎದ್ದು ಕಾಂಬ ಬಣ್ಣ ಹಾಕಿದರೆ ಜಿಂಕೆಗೆ ಗೊಂತಾವುತ್ತಿಲ್ಲೆಯೋ ಹೇಳಿ ಕೇಳುವಿ. ಗೊಂತಾವುತ್ತಿಲ್ಲೆ. ನಮ್ಮ ಕಣ್ಣಿಲಿ ಬಣ್ಣ ಗುರ್ತ ಹಿಡಿವ ಮೂರು ನಮೂನೆಯ ಕಣಂಗೊ ಇದ್ದರೆ ಜಿಂಕೆ, ಹಂದಿ, ಆನೆಗೊಕ್ಕೆಲ್ಲ ಎರಡೇ ನಮೂನೆ. ಕೆಂಪು, ಕಿತ್ತಳೆ ಅವಕ್ಕೆ ಮಸ್ಕು ಮಸ್ಕು. ಮನುಷ್ಯಂಗೆ ಮಾಂತ್ರ ದೂರಂದಲೇ ಕಾಂಬ ಬಣ್ಣ ಅದು.

ಈಗ ನಮ್ಮ ಅಂಗಡಿಲಿ ಮಾಣಿಯಂಗೊ ಆಸೆಲಿ ತೆಗವದು ಯಾವುದು? ಮಿಲಿಟ್ರಿ ಚಿತ್ರದ ಹಸಿರು ಕೋಟು. ತೋಟಲ್ಲಿ ನಿಂದರೆ ಹತ್ತು ಮಾರಿಂಗೆ ಮನುಷ್ಯ° ಇದ್ದ° ಹೇಳಿ ಗೊಂತಾಗ. ಬೇಟೆ ಅಪರಾಧ ಆದರೂ ಇರುಳು ಬೆಡಿ ಹಿಡ್ಕೊಂಡು ತಿರುಗುವವು ಇಲ್ಲದ್ದೆ ಇಲ್ಲೆ. ಹಂದಿ ಹೇಳಿ ಗ್ರೇಶಿ ಮನುಷ್ಯಂಗೇ ಬೆಡಿ ಬಿದ್ದ ಶುದ್ದಿ ಮಲೆನಾಡಿಂದಲೂ ನಮ್ಮ ಕರಾವಳಿಂದಲೂ ಪೇಪರಿಲಿ ಬಂದದಿದ್ದು. ಕಸ್ತಲೆಲಿ, ಮಳೆಲಿ, ಗುಡ್ಡೆ ಕರೆಲಿ ಕಪ್ಪು ಕೋಟು ಹಾಕಿ ಬಗ್ಗಿ ಹುಲ್ಲು ಕೆರಸುವ ಮನುಷ್ಯ° ದೂರಕ್ಕೆ ಎಂತರ ಹಾಂಗೆ ಕಾಣ್ತ° ಹೇಳಿ ನಿಂಗಳೇ ಆಲೋಚನೆ ಮಾಡಿ. ಮಾರ್ಗಲ್ಲಿ ಹೋಪಗ ಬಸ್ಸು, ಲಾರಿಯವಕ್ಕೆ ಕಾಣೆಕ್ಕಾರೂ ಇದೇ ಮಾತು. ಹಾಂಗಾಗಿ ಅರಿಶಿನ, ಕಿತ್ತಳೆ ಬಣ್ಣದ್ದು ತೆಗೆರಿ. ಕೊಳಕ್ಕು ಬೇಗ ಕಾಣ್ತು ಹೇಳಿ ಹೆಮ್ಮಕ್ಕೊ ಹೇಳುಗು. ಕಾಣಲಿ. ತೊಳವಲೆ ಮಳೆ ನೀರೇ ಇದ್ದನ್ನೆ.

ಹೆಮ್ಮಕ್ಕೊ ಹೇಳಿ ಅಪ್ಪಗ ಇನ್ನೊಂದು ಮಾತು. ಈ ಕೋಟುಗಳ ಆರು ಹೊಲಿತ್ತವೋ, ಅವರ ಮನಸ್ಸಿಲಿ ಇಪ್ಪದು ಬೈಕಿಲಿ ಹೋಪ ಗೆಂಡುಮಕ್ಕೊ. ಅಂಗಿ, ಪ್ಯಾಂಟು, ಅದರ ಮೇಗೆ ಸಮಕ್ಕೆ ಕೂಪ ಹಾಂಗೆ ಹೊಲಿತ್ತವು. ಬೈಕಿಲಿ ಮುಂದೆ ನೋಡಿ ಕೂದವಂಗೆ ಅದು ಸರಿ. ಸೀರೆಯೋ ನೈಟಿಯೋ ಸುತ್ತಿಗೊಂಡು, ಅಡಕ್ಕೆ ಮರದ ಸಂಕ ದಾಂಟಿ, ಹಟ್ಟಿಂದ ತೋಟಕ್ಕೆ, ತೋಟಂದ ಗುಡ್ಡೆಗೆ ಹತ್ತು ಸರ್ತಿ ಹೋಪ ಹೆಮ್ಮಕ್ಕೊಗೆ ಅದು ಸರಿ ಆವುತ್ತಿಲ್ಲೆ. ಪ್ಯಾಂಟಿನ ಒಳ ಸೀರೆ ಹೋಗ. ಕಾಲಿನ ವರೆಗೆ ಉದ್ದ ಇಪ್ಪ ಕೋಟು ಹಾಕಿದರೆ ಸಂಕಲ್ಲಿ ಎನ್ನ ಕಾಲು ಎನಗೇ ಕಾಣ್ತಿಲ್ಲೆ. ಪಾಚಿ ಹಿಡುದ ಸಂಕಲ್ಲಿ ಕಾಲು ಕಾಣದ್ದರೆ ಮತ್ತೆ ಕಾಂಬದು ತೋಡಿನ. ಹೆಮ್ಮಕ್ಕೊ ತೆಗವದಾದರೆ ಮೊಳಪ್ಪಿಂದ ರಜ್ಜ ಮಾಂತ್ರ ಕೆಳ ಬಪ್ಪ, ಎರಡೂ ಕರೆ ಸೀಳು ಇಪ್ಪ, ತಲೆಂದ ಹಾಕುವ ಅಗಲದ ಹೊದಕ್ಕೆ ಒಳ್ಳೆದು. ಬಗ್ಗಿ ಕೆಲಸ ಮಾಡ್ಲೆ ಎಡಿಗು, ಗಾಳಿ ಹೋಕು, ಬೇಕಾರೆ ಹುಲ್ಲಿನ ಕಟ್ಟವ ಅದರ ಒಳವೇ ಹಿಡ್ಕೊಂಬಲಕ್ಕು. ಗಾಳಿಗೆ ಹಾರದ್ದ ಹಾಂಗೆ ಸೊಂಟಕ್ಕೆ ಒಂದು ಬಳ್ಳಿ ಸಾಕು.

ಕಾಲಿನ ಮಾತೂ ಇದರೊಟ್ಟಿಂಗೇ ಬರೆಕ್ಕು. ಎರಡು ಸಾವಿರ ಕೊಟ್ಟು ಕೋಟು ತೆಗದು ಬರೀ ಕಾಲಿಲಿ ಹೋಪವರ ಬೇಕಾದಷ್ಟು ಜೆನರ ಕಾಣ್ತೆ. ಮಳೆಗಾಲಲ್ಲಿ ನಮ್ಮ ಜಿಲ್ಲೆಲಿ ಇಲಿಜ್ವರ ಬಪ್ಪದು ಹೊಸ ಸಂಗತಿ ಅಲ್ಲ. ಇಲಿಯ, ಕೆಲವು ಸರ್ತಿ ದನ, ನಾಯಿಯ ಮೂತ್ರ ಸೇರಿದ ನೀರಿಲಿ ಆ ರೋಗಾಣು ಇರ್ತು, ಕಾಲಿನ ಸಣ್ಣ ಗಾಯಂದ, ಒಡದ ಹಿಮ್ಮಡಿಂದ ಒಳ ಹೋವುತ್ತು. ಹಟ್ಟಿ, ಗೊಬ್ಬರದ ಗುಂಡಿ, ತೋಟದ ಕಣಿ, ಎಲ್ಲಿ ನಾವು ದಿನಾಗಳೂ ಕಾಲು ಹಾಕುತ್ತೋ ಅಲ್ಲೇ. ಮೊಳಪ್ಪಿನ ಹತ್ತರೆ ವರೆಗೆ ಬಪ್ಪ ಗಂಬೂಟು ಇದಕ್ಕೂ ಅಕ್ಕು, ಉಂಬುಳಿಂಗೂ ಅಕ್ಕು, ಕಸವಿನ ಎಡೆಲಿ ಸುರುಟಿ ಮನುಗಿದ ಕನ್ನಡಿ ಹಾವಿಂಗೂ ರಜ್ಜ ತಡೆ. ಹಾಕುವ ಮದಲು ಕವುಂಚಿ ಬಡಿವಲೆ ಮರವಲಾಗ. ಬೆಶಿ ಹುಡ್ಕಿ ಚೇಳೋ ಕಪ್ಪೆಯೋ ಒಳ ಕೂದಿಕ್ಕು. ಗಾಯ ಇದ್ದು, ನೀರಿಲಿ ಕೆಲಸ ಮಾಡಿದ್ದಿ, ಮತ್ತೆ ಜ್ವರ ಬಂತು ಹೇಳಿ ಆದರೆ ಕಷಾಯಲ್ಲಿ ದಿನ ಕಳೆಯದ್ದೆ ಡಾಕ್ಟ್ರ ಹತ್ತರೆ ಹೋಯೆಕ್ಕು.

ಇಷ್ಟು ಹೇಳಿದ್ದು ಪೂರಾ ನಮ್ಮ ನಮ್ಮ ಮೈಯ ವಿಚಾರ. ಎನಗೆ ಇದರಂದ ದೊಡ್ಡದು ಹೇಳಿ ಕಾಂಬದು ಇನ್ನೊಂದಿದ್ದು. ಅದರ ಹೇಳಿರೆ ಕೆಲವು ಜೆನಕ್ಕೆ ಕೋಪ ಬಕ್ಕು, ಆದರೂ ಹೇಳ್ತೆ.

ನಮ್ಮ ಹೊಡೆಲಿ ರಬ್ಬರು ತೋಟ ಇಪ್ಪವು ವರ್ಷ ವರ್ಷ ಮಳೆ ಹಿಡಿವ ಮದಲು ಎಂತ ಮಾಡ್ತವು? ಒಂದೊಂದು ಮರಕ್ಕೂ ಪ್ಲಾಸ್ಟಿಕ್ಕಿನ ನೆರಿಗೆ ಲಂಗದ ಹಾಂಗೆ ಕಟ್ಟಿ, ಮೇಗಂದ ಡಾಮರಿನ ಹಾಂಗಿಪ್ಪ ಅಂಟು ಹಚ್ಚಿ, ಗೀರಿದ ಜಾಗೆಗೆ ಒಂದು ಹನಿ ನೀರು ಬೀಳದ್ದ ಹಾಂಗೆ ರೈನುಗಾರ್ಡು ಮಾಡ್ತವು. ಅದಕ್ಕೆ ಜೆನ ಬೇಕು, ಅಂಟು ಬೇಕು, ಪ್ಲಾಸ್ಟಿಕ್ ಬೇಕು, ಎಲ್ಲದಕ್ಕೂ ಪೈಸೆ ಬೇಕು. ಮಾಡದ್ದರೆ ಮಳೆಗಾಲಲ್ಲಿ ಟ್ಯಾಪಿಂಗು ನಿಲ್ಲುತ್ತು, ನಷ್ಟ ಆವುತ್ತು. ಸರಿ, ಮಾಡೆಕ್ಕಾದ್ದೇ. ಆದರೆ ಆ ಮರವ ಗೀರುವ ಮನುಷ್ಯ° ಇರುಳು ಬೆಣ್ಚಾಯೆಕ್ಕಾರೆ ಮದಲೇ ಹಣೆಗೆ ಲೈಟು ಕಟ್ಟಿಗೊಂಡು ಬತ್ತ° ಅಲ್ಲದೋ, ಅವನ ಬೆನ್ನ ಮೇಗೆ ಎಂತ ಇರ್ತು? ಗೊಬ್ಬರ ಬಂದ ಪ್ಲಾಸ್ಟಿಕ್ ಗೋಣಿಯ ಒಂದು ಕರೆ ಒಳ ಮಡುಸಿ ಮಾಡಿದ ಕೊಪ್ಪೆ. ಮರಕ್ಕೆ ಲಂಗ ಹೊಲುಸಿದ ಮನೆಲಿ ಮನುಷ್ಯಂಗೆ ಗೋಣಿ.

ಅಡಕ್ಕೆ ತೋಟಲ್ಲಿಯೂ ಇದೇ ಕತೆ. ಕೊಳೆರೋಗಕ್ಕೆ ಮದ್ದು ಬಿಡುದು ಹೇಳಿರೆ ನೂರು ಲೀಟರು ನೀರಿಂಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಸರಿ ತೂಕಲ್ಲಿ ಹಾಕುತ್ತು. ರಜ್ಜ ಹೆಚ್ಚು ಕಮ್ಮಿ ಅಪ್ಪಲಾಗ. ಅಡಕ್ಕೆಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವ ಕ್ರಮವೂ ಇತ್ತು, ಕೊಳೆ ಬಪ್ಪಲಾಗ ಹೇಳಿ. ಗೊನೆಗೆ ಇದ್ದ ಆ ಜಾಗ್ರತೆ ಕೆಳ ನಿಂದು ಪೈಪು ಹಿಡಿವವಂಗೆ ಇಲ್ಲೆ. ಮೇಗಂದ ಬೀಳುವ ನೀಲಿ ಮದ್ದುದೆ, ಮಳೆ ಹನಿಯುದೆ ಒಟ್ಟಿಂಗೆ ಅವನ ಕಣ್ಣು ಮೋರೆಗೆ ಬೀಳ್ತು.

ಇದಕ್ಕೆ ಉತ್ತರ ಹೇಳುವವು ಇದ್ದವು. ಒಂದು, "ಕೊಟ್ಟರೂ ಅವು ಹಾಕುತ್ತವಿಲ್ಲೆ." ಅಪ್ಪು, ಎಂಗಳಲ್ಲಿಗೆ ಕೆಲಸಕ್ಕೆ ಬಪ್ಪವುದೆ "ಎಂಕ್ ಬೊಡ್ಚಿ ಅಕ್ಕೆ" ಹೇಳ್ತವು. ಎಂತಕೆ ಬೇಡ ಹೇಳಿ ಕೇಳೆಕ್ಕು. ಕೈ ಎತ್ತುಲೆ ಎಡಿತ್ತಿಲ್ಲೆ, ಒಳ ಬೆಗರುತ್ತು, ಕತ್ತಿ ಬೀಸುವಗ ಎಡೆಲಿ ಸಿಕ್ಕುತ್ತು, ಕೆಮಿ ಕೇಳ್ತಿಲ್ಲೆ, ಇಷ್ಟೇ. ಬೈಕಿನ ಕೋಟಿನ ತಂದು ಮರ ಹತ್ತುವವಂಗೆ ಕೊಟ್ಟರೆ ಅವ° ಬೇಡ ಹೇಳುದು ಸೊಕ್ಕಿಂದ ಅಲ್ಲ, ಬುದ್ಧಿಂದ. ಎರಡು, "ಕೊಟ್ಟದರ ಮನೆಗೆ ಕೊಂಡೋವುತ್ತವು." ಕೊಂಡೋಗಲಿ. ಅವರ ಮನೆಯ ಮಾಡಿನ ಮೇಗೂ ಅದೇ ಮಳೆ ಬೀಳುದು. ಶಾಲೆಗೆ ಹೋಪ ಮಕ್ಕೊ ಅಲ್ಲಿಯೂ ಇದ್ದವು. ಮೂರು, "ಈಗಾಣ ಸಂಬಳವೇ ಕೊಟ್ಟು ಪೂರೈಸ." ಅಡಕ್ಕೆಯ ಕ್ರಯ ಏರಿ ಇಳಿವದು, ಕೊಳೆರೋಗ, ಈಗ ಎಲೆಚುಕ್ಕಿ ರೋಗ, ಆನು ಮನೆ ನೆಡೆಶುವವಳು, ಎನಗೆ ಗೊಂತಿಲ್ಲದ್ದೆ ಇಲ್ಲೆ. ಆದರೆ ತಕ್ಕಮಟ್ಟಿನ ಒಂದು ಕೋಟಿನ ಕ್ರಯ ಒಂದೆರಡು ದಿನದ ಸಂಬಳ. ಜೆನ ಜ್ವರ ಹಿಡುದು ಒಂದು ವಾರ ಮನುಗಿದರೆ ತೋಟದ ಕೆಲಸ ನಿಂಬದು ಒಂದು ವಾರ. ಪುಣ್ಯದ ಲೆಕ್ಕ ಬೇಡ, ಪೈಸೆಯ ಲೆಕ್ಕ ಹಾಕಿದರೂ ಕೋಟೇ ಕಮ್ಮಿ.

ಅಂಗಡಿಗೆ ಹೋದಿಪ್ಪಗ ಎಂತ ನೋಡೆಕ್ಕು ಹೇಳಿ ಆನು ಹೇಳ್ತೆ, ಬೇರೆವಕ್ಕೆ ಇದರಂದ ಹೆಚ್ಚು ಗೊಂತಿದ್ದರೆ ಸೇರ್ಸಿ. ಮದಾಲು ಕೋಟು ಹಾಕಿ, ಟೊಪ್ಪಿ ಎಳದು, ಒಟ್ಟಿಂಗೆ ಬಂದವರ ಹಿಂದಂದ ಮೆಲ್ಲಂಗೆ ದೆನಿಗೇಳುಲೆ ಹೇಳಿ. ಮಳೆ ಇಲ್ಲದ್ದ ಅಂಗಡಿ ಒಳವೇ ಕೇಳದ್ದರೆ ತೋಟಲ್ಲಿ ಕೇಳುಗೋ? ಎರಡ್ನೇದು, ತಲೆ ಎಡ ಬಲ ತಿರುಗುಸಿ, ಟೊಪ್ಪಿ ಒಟ್ಟಿಂಗೆ ತಿರುಗೆಕ್ಕು. ತಿರುಗದ್ದರೆ ಟೊಪ್ಪಿ ಬಿಚ್ಚುಲೆ ಎಡಿವ ಕೋಟೇ ಬೇಕು ಹೇಳಿ ಕೇಳಿ. ಮೂರ್ನೇದು, ಎರಡೂ ಕೈ ಮೇಗೆ ಎತ್ತಿ, ಮತ್ತೆ ನೆಲ ಮುಟ್ಟುವ ಹಾಂಗೆ ಬಗ್ಗಿ. ಬೆನ್ನು ಹೆರ ಕಂಡರೆ ಆಗ, ಕಂಕುಳು ಎಳದರೆ ಆಗ. ನಾಕ್ನೇದು, ಹೊಲಿಗೆಯ ಒಳ ಮೊಗಚ್ಚಿ ನೋಡಿ. ಹೊಲಿಗೆ ಮೇಗೆ ಟೇಪು ಅಂಟುಸಿರೆಕ್ಕು, ಇಲ್ಲದ್ದರೆ ಸೂಜಿಯ ಒಟ್ಟೆಂದಲೇ ನೀರು ಒಳ ಬತ್ತು. ಅಖೇರಿಗೆ ಬಣ್ಣ.

ಮನೆಗೆ ತಂದ ಮತ್ತೆ ಅದರ ಬಾಳುಸುದು ನಮ್ಮ ಕೈಲಿ. ಬಿಡುಸಿದ ಕೂಡ್ಲೆ ಮಡುಸಿ ಮೂಲೆಗೆ ಹಾಕಿರೆ ಎರಡು ದಿನಲ್ಲಿ ವಾಸನೆ, ನಾಕು ದಿನಲ್ಲಿ ಬೂಸುರು. ಒಳ ಹೊಡೆ ಹೆರ ಮಾಡಿ ಜೆಗಿಲಿಲಿ ನೇಲ್ಸೆಕ್ಕು. ಬೆಗರು ಇಪ್ಪದು ಒಳ, ಹಾಂಗಾಗಿ ಮದಾಲು ಒಣಗೆಕ್ಕಾದ್ದೂ ಒಳವೇ. ಬೇಗ ಒಣಗಲಿ ಹೇಳಿ ಒಲೆಯ ಹತ್ತರೆ ಮಡಗಲಾಗ, ಪ್ಲಾಸ್ಟಿಕ್ ಬೆಶಿಗೆ ಬೆರಟಿ ಒಡೆತ್ತು. ಸಾಬೂನು ಹಾಕಿ ತಿಕ್ಕುದೂ ಬೇಡ, ಬರೇ ನೀರು ಸಾಕು. ಮಳೆಗಾಲ ಮುಗುದಪ್ಪಗ ನೆರಳಿಲಿ ಒಣಗುಸಿ, ಮಡುಸದ್ದೆ ಒಂದು ಕೋಲಿಂಗೆ ಸುರುಟಿ ಅಟ್ಟಕ್ಕೆ ಹಾಕಿರೆ ನಾಕು ಮಳೆಗಾಲಕ್ಕೆ ತೊಂದರೆ ಇಲ್ಲೆ.

ಇನ್ನು ಕೋಟಿನ ಆರು ಆರಿಸೆಕ್ಕು ಹೇಳ್ತ ಪ್ರಶ್ನೆ. ನಮ್ಮ ಮನೆಗಳಲ್ಲಿ ಇದರ ಹೆಚ್ಚಾಗಿ ಪೇಟೆಗೆ ಹೋದ ಗೆಂಡುಮಕ್ಕೊ ಆರಿಸಿ ತತ್ತವು, ಹಾಕಿಗೊಂಬದು ಬೇರೆಯವು. ಅಳತೆ ಅವರದ್ದಲ್ಲ, ಕೆಲಸ ಅವರದ್ದಲ್ಲ, ಕೆಮಿಯೂ ಅವರದ್ದಲ್ಲ. ಈ ವರ್ಷ ಒಂದು ಕೆಲಸ ಮಾಡಿ. ಹಟ್ಟಿ ಕೆಲಸ ಆರು ಮಾಡ್ತವೋ ಅವು, ಹಾಲು ಆರು ಕೊಂಡೋವುತ್ತವೋ ಅವು, ತೋಟದ ಕೆಲಸಕ್ಕೆ ಆರು ಬತ್ತವೋ ಅವು, ಎಲ್ಲೋರನ್ನೂ ಅಂಗಡಿಗೆ ಕರಕ್ಕೊಂಡು ಹೋಪಲೆ ಎಡಿಗಾದರೆ ಹಾಂಗೆ, ಎಡಿಯದ್ದರೆ ನಾಕು ನಮೂನೆ ತಂದು ಜಾಲಿಲಿ ಹರಗಿ "ನಿಂಗೊಗೆ ಯಾವುದು ಅಕ್ಕು, ಹಾಕಿ ನೋಡಿ" ಹೇಳಿ. ಬೇಡದ್ದರ ವಾಪಾಸು ತೆಕ್ಕೊಂಬಲೆ ನಮ್ಮ ಊರಿನ ಅಂಗಡಿಯವು ಒಪ್ಪುತ್ತವು, ಗುರ್ತದವೇ ಅಲ್ಲದೋ. ಬಗ್ಗಿ ನೋಡ್ಲಿ, ಕೈ ಎತ್ತಿ ನೋಡ್ಲಿ, ಕೆಮಿ ಕೇಳ್ತೋ ನೋಡ್ಲಿ. ಮತ್ತೆ ಪೈಸೆಯ ನಾವು ಕೊಡುವ°.